ಗಣಕಯಂತ್ರದ ಬರಹವೂ ಅದರ ಪ್ರತಿಯೂ: ಒಂದು ಚಾರಿತ್ರಿಕ ವಿವೇಚನೆ

ಬರೆದಿಟ್ಟದ್ದು ಉಳಿಯಬೇಕೆಂಬ ಆಸೆ ಬರಹದಷ್ಟೇ ಹಳೆಯದು. ಕಲ್ಲು, ತಾಮ್ರ, ಓಲೆ, ಕಾಗದ ಎಂದು ಒಂದೊಂದು ಕಾಲದ ಜನ ಒಂದೊಂದನ್ನು ನೆಚ್ಚಿದರು. ನಮ್ಮ ಕಾಲದವರು ನೆಚ್ಚಿರುವುದು ಗಣಕಯಂತ್ರವನ್ನು ಮತ್ತು ಅದರ ಮರಿಯೆನ್ನಬಹುದಾದ ಮೊಬೈಲನ್ನು. ಇಂದು ಭಕ್ತರ ಮನೆಗಳಲ್ಲಿ ಜಮೀನಿನ ದಾಖಲೆಗಳ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಚಿತ್ರಗಳು, ತೀರಿಹೋದ ಹಿರಿಯರ ಧ್ವನಿ, ಸಂಶೋಧಕರ ಮನೆಯಾದರೆ ಹತ್ತಾರು ವರ್ಷಗಳ ಟಿಪ್ಪಣಿಗಳು, ಎಲ್ಲವೂ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ಅಡಗಿ ಕುಳಿತಿವೆ. ಮಠದಲ್ಲಿ ಓದಿ ಹೋದ ವಿದ್ಯಾರ್ಥಿಗಳು ದರ್ಶನಕ್ಕೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಇದೂ ಒಂದಾಗಿದೆ: “ಬುದ್ಧಿ, ಇವನ್ನೆಲ್ಲ ಯಾವುದರಲ್ಲಿ ತುಂಬಿಟ್ಟರೆ ಬಹುಕಾಲ ಉಳಿದಾವು?” ಪ್ರಶ್ನೆ ಸಹಜವಾದುದೇ. ಆದರೆ ಕಳೆದ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಅವಲೋಕಿಸಿದಾಗ ಪ್ರಶ್ನೆಯನ್ನೇ ತುಸು ತಿದ್ದಿ ಕೇಳಬೇಕೆಂದು ನಮಗೆ ತೋರುತ್ತದೆ. ಯಾವುದರಲ್ಲಿ ಇಟ್ಟರು ಎಂಬುದಕ್ಕಿಂತ ಎಷ್ಟು ಕಡೆ ಇಟ್ಟರು, ಇಟ್ಟದ್ದನ್ನು ಆಗಾಗ ತೆರೆದು ನೋಡಿದರೋ ಇಲ್ಲವೋ ಎಂಬುದೇ ಬರಹದ ಅಳಿವು ಉಳಿವುಗಳನ್ನು ನಿರ್ಣಯಿಸಿಕೊಂಡು ಬಂದಿದೆ.

ನಮ್ಮ ನಾಡಿನ ಹಳೆಯ ರೂಢಿಯನ್ನೇ ಮೊದಲು ನೋಡಬಹುದು. ಓಲೆಗರಿಯ ಆಯುಷ್ಯ, ಎಷ್ಟೇ ಜೋಪಾನ ಮಾಡಿದರೂ, ಕೆಲವು ಶತಮಾನಗಳು ಮಾತ್ರ. ಹುಳು, ಗೆದ್ದಲು, ಮಳೆಗಾಲದ ತೇವ, ದೀಪದ ಕಿಡಿ ಹೀಗೆ ಅದಕ್ಕೆ ಶತ್ರುಗಳು ಹಲವು. ಇದನ್ನರಿತಿದ್ದ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ನೀರಿನಿಂದ, ಎಣ್ಣೆಯಿಂದ, ಸಡಿಲವಾದ ಕಟ್ಟಿನಿಂದ ಈ ಪುಸ್ತಕವನ್ನು ಕಾಪಾಡಿರೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದರು. ಆದರೆ ಆ ಬೇಡಿಕೆಯೊಂದನ್ನೇ ನಂಬಿ ಯಾರೂ ಸುಮ್ಮನಿರಲಿಲ್ಲ. ಗರಿ ಹಳತಾದಂತೆಲ್ಲ ಹೊಸ ಗರಿಗೆ ಪ್ರತಿ ಮಾಡಿಕೊಂಡರು. ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ಇಲ್ಲಿ ಸ್ಮರಣೀಯವಾದುದು. ಇತರ ಗ್ರಂಥಗಳ ಉಲ್ಲೇಖಗಳಿಂದ ಅದರ ಹೆಸರು ವಿದ್ವಾಂಸರಿಗೆ ಗೊತ್ತಿತ್ತು. ಗ್ರಂಥ ಮಾತ್ರ ಕಣ್ಮರೆಯಾಗಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂದೊಪ್ಪಿಸಿದ, ಗ್ರಂಥಲಿಪಿಯಲ್ಲಿದ್ದ ಓಲೆಗಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿ, ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದರು. ತರುವಾಯ ಮಲಯಾಳಂ ಲಿಪಿಯ ಪ್ರತಿಗಳೂ ದೊರೆತು ಪಾಠಶೋಧನೆಗೆ ನೆರವಾದವು. ಕೌಟಿಲ್ಯನ ಕಾಲದ ಗರಿಯನ್ನು ಕಂಡವರು ಯಾರೂ ಇಲ್ಲ. ನಮಗೆ ಬಂದುದು ಪ್ರತಿಯ ಪ್ರತಿಯ ಪ್ರತಿ. ಅದೂ ಹುಟ್ಟಿದ ಲಿಪಿಯನ್ನು ಬಿಟ್ಟು ಬೇರೆ ಬೇರೆ ಲಿಪಿಗಳಿಗೆ ದಾಟಿಕೊಂಡು ಬಂದ ಪ್ರತಿ.

ಪ್ರತಿ ಮಾಡದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಗಣಕಯಂತ್ರದ ಪೂರ್ವಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಅಮೆರಿಕ ದೇಶದ ೧೮೯೦ರ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಎಂಬ ಎಂಜಿನಿಯರು ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು, ಆ ತೂತುಗಳನ್ನು ವಿದ್ಯುತ್ತಿನಿಂದ ಎಣಿಸುವ ಯಂತ್ರಗಳನ್ನು ಬಳಕೆಗೆ ತಂದರು. ಮುಂದೆ ಐಬಿಎಂ ಎಂದು ಹೆಸರಾದ ಸಂಸ್ಥೆಯ ಬೇರುಗಳಲ್ಲಿ ಒಂದು ಅಲ್ಲಿದೆ. ಎಣಿಕೆಯೇನೋ ಯಂತ್ರದ ವೇಗದಲ್ಲಿ ಮುಗಿಯಿತು; ಆದರೆ ಮನೆಮನೆಯ ವಿವರ ಬರೆದ ಮೂಲ ಹಾಳೆಗಳಿಗೆ ಹಿಂದಿನ ಗಣತಿಗಳಲ್ಲಿದ್ದಂತೆ ಸ್ಥಳೀಯ ಕಚೇರಿಗಳಲ್ಲಿ ಇನ್ನೊಂದು ಪ್ರತಿಯನ್ನಿರಿಸುವ ಏರ್ಪಾಡು ಈ ಸಲ ಇರಲಿಲ್ಲ. ೧೯೨೧ರ ಜನವರಿ ೧೦ರಂದು ವಾಷಿಂಗ್‌ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿತು. ಬೆಂಕಿಯಲ್ಲಿ ಒಂದಷ್ಟು ಸುಟ್ಟಿತು, ಆರಿಸಲು ಸುರಿದ ನೀರಿನಲ್ಲಿ ಮತ್ತಷ್ಟು ನೆನೆಯಿತು, ಉಳಿದದ್ದನ್ನು ನಿರುಪಯುಕ್ತವೆಂದು ೧೯೩೦ರ ದಶಕದಲ್ಲಿ ಸರಕಾರವೇ ನಾಶಪಡಿಸಿತು. ಆರು ಕೋಟಿಗೂ ಮಿಕ್ಕ ಜನರ ಪೈಕಿ ಇಂದು ದೊರೆಯುವುದು ಸುಮಾರು ಆರು ಸಾವಿರ ಹೆಸರುಗಳು. ವಂಶಾವಳಿಯನ್ನು ಹುಡುಕುವ ಅಮೆರಿಕನ್ನರು ಇಂದಿಗೂ ಆ ಇಪ್ಪತ್ತು ವರ್ಷಗಳ ಕಂದಕದ ಮುಂದೆ ಬಂದು ನಿಲ್ಲುತ್ತಾರೆ.

ಎರಡನೆಯ ಮಹಾಯುದ್ಧದ ಅನಂತರ ಕಾರ್ಡುಗಳ ಸ್ಥಾನಕ್ಕೆ ಅಯಸ್ಕಾಂತ ಬಂತು. ೧೯೫೨ರಲ್ಲಿ ಐಬಿಎಂ ಸಂಸ್ಥೆ ತನ್ನ ಮೊದಲ ಮ್ಯಾಗ್ನೆಟಿಕ್ ಟೇಪಿನ ಯಂತ್ರವನ್ನೂ ೧೯೫೬ರಲ್ಲಿ ‘ರಾಮ್ಯಾಕ್’ ಎಂಬ ಹೆಸರಿನ ಮೊದಲ ಹಾರ್ಡ್ ಡಿಸ್ಕನ್ನೂ ಹೊರತಂದಿತು. ಎರಡಡಿ ವ್ಯಾಸದ ೫೦ ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದ, ಒಂದು ಟನ್ನಿನಷ್ಟು ತೂಗುತ್ತಿದ್ದ ಆ ಯಂತ್ರ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರ ಅಷ್ಟನ್ನು ನುಂಗುತ್ತದೆ.

ಬ್ಯಾಂಕು, ವಿಮಾ ಕಚೇರಿ, ವಿಶ್ವವಿದ್ಯಾಲಯಗಳಲ್ಲಿ ಈ ಯಂತ್ರಗಳು ಬಂದೊಡನೆ ಅವುಗಳ ಬರಹವನ್ನು ಕಾಯುವ ಕ್ರಮವೂ ಹುಟ್ಟಿಕೊಂಡಿತು. ಆ ಕ್ರಮಕ್ಕೆ ಅಲ್ಲಿಯವರು ಇಟ್ಟ ಹೆಸರು ‘ತಾತ, ತಂದೆ, ಮಗ’ ಎಂದು. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮ್ಮವರಿಗೆ ಇದು ಹಿಡಿಸದಿರದು. ದಿನದ ಪ್ರತಿ ಮಗ, ವಾರದ ಪ್ರತಿ ತಂದೆ, ತಿಂಗಳ ಪ್ರತಿ ತಾತ. ಮೂರು ತಲೆಮಾರುಗಳೇಕೆ? ಇಂದು ಲೆಕ್ಕದಲ್ಲಿ ಒಂದು ತಪ್ಪು ನುಸುಳಿದರೆ ಇಂದಿನ ಪ್ರತಿಯಲ್ಲಿ ಆ ತಪ್ಪೂ ನಿಷ್ಠೆಯಿಂದ ನಕಲಾಗುತ್ತದೆ. ತಪ್ಪು ಹದಿನೈದು ದಿನಗಳ ಮೇಲೆ ಕಣ್ಣಿಗೆ ಬಿದ್ದಾಗ ಮಗನೂ ತಂದೆಯೂ ಕೆಟ್ಟಿರುತ್ತಾರೆ. ತಾತನೊಬ್ಬನು ಶುದ್ಧನಾಗಿ ಉಳಿದಿರುತ್ತಾನೆ. ತಾತನ ಟೇಪನ್ನು ಬೇರೆಯ ಕಟ್ಟಡದಲ್ಲಿ ಇರಿಸುವುದು ವಾಡಿಕೆಯಾಯಿತು. ಪ್ರತಿರಾತ್ರಿ ಟೇಪು ಏರಿಸಿ ಇಳಿಸುವುದಕ್ಕೆಂದೇ ಸಂಬಳದ ನೌಕರರಿದ್ದರು.

ಈ ವ್ಯವಸ್ಥೆ ಶಿಥಿಲವಾದುದು ಗಣಕಯಂತ್ರ ಮನೆಗೆ ಬಂದಾಗ. ಚರಿತ್ರೆಯ ಈ ತಿರುವನ್ನು ಬಹುಮಂದಿ ಗಮನಿಸಿದಂತಿಲ್ಲ. ೧೯೭೭ರಲ್ಲಿ ಆಪಲ್ ಮೊದಲಾದ ಸಂಸ್ಥೆಗಳ ಗೃಹಗಣಕಗಳು ಮಾರುಕಟ್ಟೆಗೆ ಬಂದಾಗ ಅವುಗಳ ಬರಹವನ್ನು ಹಾಡು ಕೇಳುವ ಮಾಮೂಲು ಕ್ಯಾಸೆಟ್ಟಿನಲ್ಲಿಯೇ ತುಂಬಿಡುತ್ತಿದ್ದರು. ಜೊತೆಗೆ ಫ್ಲಾಪಿ ಬಂತು: ೧೯೭೧ರಲ್ಲಿ ಎಂಟು ಅಂಗುಲದ್ದು, ೧೯೭೬ರಲ್ಲಿ ಐದೂಕಾಲು ಅಂಗುಲದ್ದು, ೧೯೮೧ರಲ್ಲಿ ಸೋನಿ ಸಂಸ್ಥೆಯ ಮೂರೂವರೆ ಅಂಗುಲದ್ದು. ೧೯೮೩ರ ಐಬಿಎಂ ಗೃಹಗಣಕವೊಂದರಲ್ಲಿ ೧೦ ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು. ಅದರ ಫ್ಲಾಪಿಯಾದರೋ ೩೬೦ ಕಿಲೋಬೈಟಿನದು. ತುಂಬಿದ ಡಿಸ್ಕನ್ನು ಪೂರ್ತಿ ಪ್ರತಿ ಮಾಡಬೇಕಾದರೆ ಸುಮಾರು ಮೂವತ್ತು ಫ್ಲಾಪಿಗಳನ್ನು ಒಂದಾದ ಮೇಲೊಂದರಂತೆ ತೂರಿಸಿ ತೆಗೆಯಬೇಕು. ಕಚೇರಿಯಲ್ಲಿ ಅದಕ್ಕೊಬ್ಬ ನೌಕರನಿದ್ದ; ಮನೆಯಲ್ಲಿ ಯಾರಿದ್ದಾರೆ? ನಾಳೆ ಮಾಡಿದರಾಯಿತು ಎಂಬ ಮಾತು ಅಂದು ಹುಟ್ಟಿತು. ಅಂದಿನಿಂದ ಇಂದಿನವರೆಗೆ ಸಂಗ್ರಹದ ಪೆಟ್ಟಿಗೆ ಲಕ್ಷಪಟ್ಟು ಹಿಗ್ಗಿದೆ, ಪ್ರತಿ ಮಾಡುವ ಕೆಲಸ ಬಹಳ ಹಗುರಾಗಿದೆ, ಆ ಮಾತು ಮಾತ್ರ ಬದಲಾಗಿಲ್ಲ.

ದೊಡ್ಡ ಸಂಸ್ಥೆಗಳೇನೂ ಈ ದೋಷದಿಂದ ಹೊರತಾಗಲಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ೧೯೬೯ರ ಜುಲೈ ತಿಂಗಳ ದೃಶ್ಯವನ್ನೇ ತೆಗೆದುಕೊಳ್ಳೋಣ. ಚಂದ್ರನಿಂದ ಬಂದ ಚಿತ್ರ ಸಾಮಾನ್ಯ ಟೆಲಿವಿಷನ್ನಿಗೆ ಹೊಂದದ ಬೇರೊಂದು ಬಗೆಯಲ್ಲಿತ್ತು. ಅದನ್ನು ಭೂಮಿಯ ನಿಲ್ದಾಣಗಳಲ್ಲಿ ಟೆಲಿವಿಷನ್ನಿಗೆ ಒಗ್ಗುವಂತೆ ಮಾರ್ಪಡಿಸಿ ಲೋಕಕ್ಕೆ ತೋರಿಸಿದರು. ಮಾರ್ಪಾಡಿನಲ್ಲಿ ಸ್ಪಷ್ಟತೆ ಬಹಳ ಕುಂದಿತು. ನಿಚ್ಚಳವಾದ ಮೂಲ ಸಂಕೇತ ನಾಸಾ ಸಂಸ್ಥೆಯ ಟೇಪುಗಳಲ್ಲಿ ಉಳಿದಿತ್ತು. ಹಲವು ವರ್ಷಗಳ ಹುಡುಕಾಟದ ಬಳಿಕ ೨೦೦೯ರಲ್ಲಿ ಆ ಸಂಸ್ಥೆಯೇ ಪ್ರಕಟಿಸಿದ ವರದಿಯ ಪ್ರಕಾರ, ಟೇಪಿನ ಅಭಾವವಿದ್ದ ಕಾಲದಲ್ಲಿ ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಮರುಬಳಕೆ ಮಾಡಿರಬೇಕು. ಯಾರೂ ದುರುದ್ದೇಶದಿಂದ ಮಾಡಿದ ಕೆಲಸವಲ್ಲ. ಟೇಪು ದುಬಾರಿ, ಉಗ್ರಾಣ ತುಂಬಿತ್ತು, ಇದರಲ್ಲೇನಿದೆಯೆಂದು ಕೇಳುವವರಿರಲಿಲ್ಲ. ಆದರೂ ದೃಶ್ಯ ನಮ್ಮ ಪಾಲಿಗೆ ಇಲ್ಲವಾಗಲಿಲ್ಲ. ಟೆಲಿವಿಷನ್ ಸಂಸ್ಥೆಗಳಲ್ಲಿಯೂ ಬೇರೆ ಭಂಡಾರಗಳಲ್ಲಿಯೂ ಉಳಿದಿದ್ದ ಪ್ರಸಾರದ ಪ್ರತಿಗಳನ್ನು ಕೂಡಿಸಿ, ಶುದ್ಧಿಗೊಳಿಸಿ, ೪೦ನೆಯ ವರ್ಷದ ಸ್ಮರಣೆಗೆ ನಾಸಾ ಹೊರತಂದಿತು. ಉತ್ತಮವಾದ ಏಕೈಕ ಮೂಲ ಅಳಿಯಿತು; ಮಸುಕಾದರೂ ಹಲವು ಮನೆಗಳಲ್ಲಿದ್ದ ಪ್ರತಿ ಉಳಿಯಿತು.

ಇನ್ನೊಂದು ಘಟನೆ ೧೯೯೮ರದು. ಪಿಕ್ಸಾರ್ ಎಂಬ ಚಿತ್ರಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಗಣಕಚಿತ್ರದ ಕೆಲಸ ನಡೆಯುತ್ತಿರುವಾಗ, ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಭಾಗ ಕಣ್ಣೆದುರೇ ಅಳಿಸಿಹೋಯಿತು. ಬ್ಯಾಕಪ್ ಟೇಪುಗಳಿದ್ದವು. ತೆರೆದು ನೋಡಿದರೆ ಸುಮಾರು ಒಂದು ತಿಂಗಳಿಂದ ಅವು ಸರಿಯಾಗಿ ಬರೆದುಕೊಂಡಿರಲೇ ಇಲ್ಲ, ಪರೀಕ್ಷಿಸಿ ನೋಡಿದವರಿಲ್ಲ. ಕೊನೆಗೆ ಗೇಲಿನ್ ಸಸ್ಮನ್ ಎಂಬ ಮುಖ್ಯ ತಂತ್ರಜ್ಞೆ, ಹೆರಿಗೆಯಾಗಿ ಕೂಸಿನೊಂದಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ, ಆಕೆಯ ಮನೆಯ ಗಣಕದಲ್ಲಿ ಒಂದು ಪ್ರತಿ ಇರುವುದು ನೆನಪಾಯಿತು. ಆ ಯಂತ್ರವನ್ನು ಕಾರಿನಲ್ಲಿ ಕಂಬಳಿ ಸುತ್ತಿ ಜತನವಾಗಿ ಸಂಸ್ಥೆಗೆ ತಂದರು. ಮುಂದೆ ಕಥೆಯೇ ರುಚಿಸದೆ ಬಹುಭಾಗವನ್ನು ಅವರು ಹೊಸದಾಗಿ ಮಾಡಿದರೆಂಬುದು ಬೇರೆ ಮಾತು. ಅತ್ಯಂತ ದುಬಾರಿಯ ಏರ್ಪಾಡು ಕೈಕೊಟ್ಟಿತು, ಬಾಣಂತಿಯ ಮನೆಯ ಪ್ರತಿ ಕಾಪಾಡಿತು.

ಮಾಧ್ಯಮದ ಬಾಳಿಕೆ ಎಂಬ ಪ್ರಶ್ನೆಗೆ ಬಂದರೆ ಬ್ರಿಟನ್ನಿನ ಡೂಮ್ಸ್‌ಡೇ ಪ್ರಸಂಗಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ೧೦೮೬ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ವಿಲಿಯಂ ತನ್ನ ರಾಜ್ಯದ ಭೂಮಿ, ಒಡೆತನ, ಆದಾಯಗಳ ಗಣತಿಯನ್ನು ಚರ್ಮದ ಹಾಳೆಗಳ ಮೇಲೆ ಬರೆಸಿದ. ಆ ಗ್ರಂಥ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಲ್ಯಾಟಿನ್ ಬಲ್ಲವರು ಇಂದಿಗೂ ಓದಬಹುದು. ಅದರ ೯೦೦ನೆಯ ವರ್ಷಕ್ಕೆ ಬಿಬಿಸಿ ಸಂಸ್ಥೆ ೧೯೮೬ರಲ್ಲಿ ಹೊಸ ಡೂಮ್ಸ್‌ಡೇ ಗಣತಿಯೊಂದನ್ನು ನಡೆಸಿತು. ಸಾವಿರಾರು ಶಾಲೆಗಳ ಮಕ್ಕಳು ಸೇರಿ ಹತ್ತು ಲಕ್ಷಕ್ಕೂ ಮಿಕ್ಕ ಜನ ತಮ್ಮ ತಮ್ಮ ಊರಿನ ವಿವರ ಬರೆದು, ಚಿತ್ರ ತೆಗೆದು ಕಳುಹಿಸಿದರು. ಅವೆಲ್ಲವನ್ನೂ ಆ ಕಾಲದ ಅತ್ಯಾಧುನಿಕ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಹದಿನೈದು ವರ್ಷಗಳಾಗುವಷ್ಟರಲ್ಲಿ ಆ ತಟ್ಟೆಯನ್ನು ಓದುವ ಯಂತ್ರಗಳು ಕೈಬೆರಳೆಣಿಕೆಗೆ ಬಂದವು. ತಟ್ಟೆ ಕೆಟ್ಟಿರಲಿಲ್ಲ, ಓದುವ ಯಂತ್ರ ಸತ್ತಿತ್ತು. ೨೦೦೨ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಗಣಕವನ್ನು ಹೊಸ ಗಣಕದೊಳಗೆ ಅನುಕರಿಸುವ ಕ್ರಮವಿಧಿಯನ್ನು ರಚಿಸಿ ಆ ಬರಹವನ್ನು ಹೊರತೆಗೆದು ತೋರಿಸಿದರು. ೨೦೧೧ರಲ್ಲಿ ಅದರ ಒಂದು ಭಾಗವನ್ನು ಬಿಬಿಸಿ ಅಂತರಜಾಲಕ್ಕೆ ಏರಿಸಿತು. ೨೦೧೮ರಲ್ಲಿ ಆ ತಾಣವನ್ನು ನಿಲ್ಲಿಸಿದಾಗ ರಾಷ್ಟ್ರೀಯ ಪತ್ರಾಗಾರ ಅದರ ಪ್ರತಿಯನ್ನು ಉಳಿಸಿಕೊಂಡಿತು. ಮಕ್ಕಳ ಬರಹ ಮೂವತ್ತು ವರ್ಷಗಳಲ್ಲಿ ಮೂರು ಮನೆ ಬದಲಾಯಿಸಿದೆ, ಇನ್ನೂ ಬದಲಾಯಿಸುತ್ತದೆ. ಚರ್ಮದ ಹಾಳೆ ಗೆದ್ದಿತೆಂದು ಚಪ್ಪಾಳೆ ತಟ್ಟುವವರಿದ್ದಾರೆ. ನಮಗೆ ಆ ತೀರ್ಪು ಅವಸರದ್ದೆನಿಸುತ್ತದೆ. ಒಂಬತ್ತು ಶತಮಾನ ಒಂದು ಗ್ರಂಥಕ್ಕೆ ಕಾವಲು ಕೂರುವ ರಾಜಭಂಡಾರ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ತಟ್ಟೆಯೂ ಯಂತ್ರವೂ ಸರಿಯಿದ್ದು ಬರಹ ಓದಲಾಗದಿರುವ ಇನ್ನೊಂದು ವಿಪತ್ತಿದೆ. ಕನ್ನಡಿಗರಾದ ನಮಗೆ ಇದು ಪರಕೀಯರ ಕಥೆಯಲ್ಲ. ಕನ್ನಡದ ಅಕ್ಷರಗಳಿಗೆ ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಸಾಮಾನ್ಯರ ಗಣಕಗಳಲ್ಲಿ ಬಳಕೆಗೆ ಬರಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಅವಧಿಯಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಕೇಂದ್ರಗಳು ಒಂದೊಂದು ತಂತ್ರಾಂಶವನ್ನು, ಒಂದೊಂದು ಫಾಂಟನ್ನು ಬಳಸಿದವು. ಒಂದೊಂದರ ಒಳಸಂಕೇತವೂ ಬೇರೆ. ೧೯೯೮ರಲ್ಲಿ ಬಂದ ಬರಹ, ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಇವು ಕನ್ನಡದ ಟೈಪಿಂಗನ್ನು ಮನೆಮನೆಗೆ ತಲುಪಿಸಿ ದೊಡ್ಡ ಉಪಕಾರ ಮಾಡಿದವು. ಆದರೆ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದ ಕಡತವನ್ನು ಆ ಫಾಂಟಿಲ್ಲದ ಇಂದಿನ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಹಿಂಡು ಕಾಣುತ್ತದೆ. ಆ ವರ್ಷಗಳಲ್ಲಿ ಅಚ್ಚಾದ ಎಷ್ಟೋ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳ ಗತಿ ಇದೇ: ಪುಸ್ತಕ ಕಪಾಟಿನಲ್ಲಿ ಸುಖವಾಗಿದೆ, ಕಡತ ಮೂಕವಾಗಿದೆ. ಪರಿವರ್ತಿಸುವ ಸಾಧನಗಳುಂಟು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಮುಗ್ಗರಿಸಬಹುದಾದುದರಿಂದ, ಪರಿವರ್ತಿಸಿದ ಮೇಲೆ ಮೂಲದೊಡನೆ ಓದಿ ತಿದ್ದಲೇಬೇಕು. ಗ್ರಂಥಲಿಪಿಯಿಂದ ನಾಗರಿಗೆ ಅರ್ಥಶಾಸ್ತ್ರವನ್ನು ದಾಟಿಸಿದ ಕೆಲಸದಂತೆಯೇ ಇದೂ ಲಿಪ್ಯಂತರದ ಕೆಲಸ. ಹಳೆಯ ಕಡತಗಳುಳ್ಳವರು ಆ ಫಾಂಟು ಇನ್ನೂ ದೊರೆಯುತ್ತಿರುವಾಗಲೇ ಇದನ್ನು ಮಾಡಿ ಮುಗಿಸತಕ್ಕದ್ದು.

ಪ್ರಕೃತ ಅಂಗಡಿಯಲ್ಲಿ ಸಿಗುವ ಮಾಧ್ಯಮಗಳ ಗುಣದೋಷಗಳನ್ನು ಹೇಳುವುದಾದರೆ, ಫ್ಲಾಪಿಯ ಕಥೆ ಮುಗಿಯಿತು. ಸೋನಿ ಸಂಸ್ಥೆ ಅದರ ಮಾರಾಟವನ್ನು ೨೦೧೧ರಲ್ಲಿ ನಿಲ್ಲಿಸಿತು. ಮನೆಯಲ್ಲಿ ಬರೆದ ಸಿಡಿಗಳನ್ನು ಶಾಶ್ವತವೆಂದು ನಂಬಿ ಮದುವೆಯ ಚಿತ್ರಗಳನ್ನು ತುಂಬಿಟ್ಟವರು ಬಹಳ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಹಾಡಿನ ಸಿಡಿಯಲ್ಲಿ ಬರಹವೆಂಬುದು ನಿಜವಾದ ಗುಳಿ. ಮನೆಯಲ್ಲಿ ಬರೆದ ಸಿಡಿಯಲ್ಲಿ ಅದು ಬಣ್ಣದ ಪದರವೊಂದರ ಮೇಲಿನ ಕಲೆ ಮಾತ್ರ. ಬಣ್ಣ ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿಗಳ ಮೂಲವಾದ ಫ್ಲಾಶ್ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುವೋಕ ೧೯೮೪ರಲ್ಲಿ ಲೋಕಕ್ಕೆ ತಿಳಿಸಿದರು. ಅದರಲ್ಲಿ ಬರಹವೆಂದರೆ ಸೂಕ್ಷ್ಮ ಕೋಶಗಳಲ್ಲಿ ಸೆರೆಯಾದ ವಿದ್ಯುದಂಶ. ಕರೆಂಟು ಕಾಣದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದರೆ ಆ ವಿದ್ಯುದಂಶ ಮೆಲ್ಲನೆ ಸೋರುತ್ತದೆ. ಆದುದರಿಂದ ಪೆನ್‌ಡ್ರೈವ್ ಸಾಗಿಸುವುದಕ್ಕೆ ಯೋಗ್ಯ, ಕೂಡಿಡುವುದಕ್ಕಲ್ಲ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಕೊಟ್ಟ ಹಣಕ್ಕೆ ಹೆಚ್ಚು ಹಿಡಿಸುತ್ತದೆ. ಕೈಜಾರಿ ಬಿದ್ದರೆ ಅಲ್ಲಿಗೆ ಮುಗಿಯಿತು, ಬೀಳದಿದ್ದರೂ ನಾಲ್ಕೈದು ವರ್ಷಗಳಾದ ಮೇಲೆ ಅದನ್ನು ಪೂರ್ತಿ ನಂಬಲಾಗದು. ಟೇಪು ಸತ್ತಿಲ್ಲವೆಂದರೆ ಹಲವರಿಗೆ ಆಶ್ಚರ್ಯವಾದೀತು. ದೊಡ್ಡ ಪತ್ರಾಗಾರಗಳು ಇಂದಿಗೂ ಅದನ್ನೇ ಬಳಸುತ್ತವೆ. ಅದರ ಯಂತ್ರದ ಬೆಲೆ ಗೃಹಸ್ಥರಿಗೆ ನಿಲುಕುವಂಥದಲ್ಲ.

ಇನ್ನು ಕ್ಲೌಡ್. ಮೋಡವೆಂಬ ಹೆಸರಿದ್ದರೂ ಅದು ಆಕಾಶದಲ್ಲಿಲ್ಲ. ಎಲ್ಲೋ ಒಂದು ಊರಿನ ಕಟ್ಟಡದಲ್ಲಿ ಇನ್ನೊಬ್ಬರ ಡಿಸ್ಕುಗಳ ಸಾಲಿನಲ್ಲಿದೆ. ದೂರದ ಊರಿನಲ್ಲಿ ಒಂದು ಪ್ರತಿ ಇರುವುದು ದೊಡ್ಡ ಅನುಕೂಲವೇ ಸರಿ. ಆದರೆ ಅದೊಂದನ್ನೇ ನೆಚ್ಚಿದರೆ? ಮೈಸ್ಪೇಸ್ ಎಂಬ ತಾಣ, ೨೦೦೩ರಿಂದ ೨೦೧೫ರವರೆಗೆ ಜನ ಏರಿಸಿದ್ದ ಹಾಡುಗಳು ಯಂತ್ರಗಳ ಸ್ಥಳಾಂತರದಲ್ಲಿ ನಷ್ಟವಾದುವೆಂದು ೨೦೧೯ರಲ್ಲಿ ಒಪ್ಪಿಕೊಂಡಿತು. ೨೦೨೫ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ ಸರಕಾರದ ಗಣಕಕೇಂದ್ರಕ್ಕೆ ಬ್ಯಾಟರಿಗಳಿಂದ ಬೆಂಕಿ ತಗುಲಿ, ನೌಕರರು ತಮ್ಮ ಕಚೇರಿಯ ಕಡತಗಳನ್ನಿಡುತ್ತಿದ್ದ ಸರಕಾರಿ ಕ್ಲೌಡ್ ಸುಟ್ಟುಹೋಯಿತು. ೮೫೮ ಟೆರಾಬೈಟಿನಷ್ಟಿದ್ದ ಅದಕ್ಕೆ ಹೊರಗೆ ಇನ್ನೊಂದು ಪ್ರತಿ ಇರಲಿಲ್ಲ. ಗಾತ್ರ ದೊಡ್ಡದಾದ್ದರಿಂದ ಪ್ರತಿ ಮಾಡಲಾಗಲಿಲ್ಲವೆಂದು ಕಾರಣ ಕೊಟ್ಟರು. ವಾಷಿಂಗ್‌ಟನ್ನಿನ ನೆಲಮಾಳಿಗೆಗೂ ದೇಜಾನ್ ನಗರದ ಈ ಕಟ್ಟಡಕ್ಕೂ ನಡುವೆ ಒಂದು ಶತಮಾನದ ಅಂತರ. ಕೊಟ್ಟ ಕಾರಣವಾದರೋ ಮೂವತ್ತು ಫ್ಲಾಪಿಗಳ ಕಾಲದ್ದೇ.

ಇಲ್ಲಿಯೇ ಒಂದು ಭ್ರಮೆಯನ್ನು ನಿವಾರಿಸುವುದು ಯುಕ್ತ. ಮೊಬೈಲಿನ ಚಿತ್ರಗಳು ತಾವಾಗಿ ಕ್ಲೌಡಿಗೆ ಹೋಗುತ್ತವೆ, ಅದೇ ಬ್ಯಾಕಪ್ ಎಂದು ಭಕ್ತರು ನಿಶ್ಚಿಂತರಾಗಿದ್ದಾರೆ. ಅನೇಕ ವೇಳೆ ಅದು ಪ್ರತಿಯಲ್ಲ, ಪ್ರತಿಬಿಂಬ. ಮೊಗದಲ್ಲಿನ ತಿಲಕ ಅಳಿಸಿದರೆ ಕನ್ನಡಿಯಲ್ಲಿಯೂ ಅಳಿಸುವಂತೆ ಇಲ್ಲಿ ತೆಗೆದುಹಾಕಿದ ಚಿತ್ರ ಅಲ್ಲಿಯೂ ಮಾಯವಾಗುತ್ತದೆ. ೨೦೧೭ರ ಮೇ ತಿಂಗಳಲ್ಲಿ ಲೋಕವನ್ನೇ ಕಂಗೆಡಿಸಿದ ವನ್ನಾಕ್ರೈ ಎಂಬ ಗಣಕಪಿಡುಗು ಕಡತಗಳಿಗೆ ಬೀಗ ಜಡಿದು ಹಣ ಕೇಳಿತಷ್ಟೆ. ಅಂಥ ಪಿಡುಗು ಸದಾ ತಗುಲಿಸಿಟ್ಟ ಡಿಸ್ಕಿಗೂ ಬೀಗ ಜಡಿಯುತ್ತದೆ. ಬಿಚ್ಚಿ ಕಪಾಟಿನಲ್ಲಿಟ್ಟ ಡಿಸ್ಕನ್ನು ಮುಟ್ಟಲಾರದು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಈ ಶತಮಾನದ ಮೊದಲ ದಶಕದಲ್ಲಿ ಹೇಳಿದ ಸೂತ್ರವೊಂದು ಈಗ ಎಲ್ಲೆಡೆ ರೂಢವಾಗಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಗೃಹಸ್ಥರಿಗೆ ಇದೇನೂ ಭಾರವಾದುದಲ್ಲ. ಗಣಕದಲ್ಲಿರುವುದು ಒಂದು, ತಿಂಗಳಿಗೊಮ್ಮೆ ತಗುಲಿಸಿ ಮತ್ತೆ ಬಿಚ್ಚಿಡುವ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ಕ್ಲೌಡಿನಲ್ಲೋ ಮತ್ತೊಂದು. ಕನ್ನಡದ ಬರಹವನ್ನು ಯೂನಿಕೋಡಿನಲ್ಲಿ ಇಡಬೇಕು, ಮುಖ್ಯವಾದುದನ್ನು ಪಿಡಿಎಫ್ ಆಗಿಯೂ, ಅತಿಮುಖ್ಯವಾದುದನ್ನು ಕಾಗದದ ಮೇಲೂ ಇಡಬೇಕು. ಡಿಸ್ಕು ಕೆಡುವವರೆಗೆ ಕಾಯದೆ ಐದು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸಬೇಕು. ಆಯುಧಪೂಜೆಯ ದಿನ ಗಣಕಕ್ಕೆ ವಿಭೂತಿ ಧರಿಸಿ ಹೂ ಏರಿಸುವ ಮನೆಗಳು ಬೇಕಾದಷ್ಟಿವೆ. ಅಂದೇ ಪ್ರತಿಯ ಡಿಸ್ಕನ್ನೂ ಹೊರತೆಗೆದು, ನಾಲ್ಕಾರು ಕಡತಗಳನ್ನು ನಿಜವಾಗಿ ತೆರೆದು ಓದಿ ನೋಡಿದರೆ ಪಿಕ್ಸಾರಿನವರಿಗೆ ಒದಗಿದ ಗಾಬರಿ ತಪ್ಪುತ್ತದೆ.

ಎಲ್ಲವನ್ನೂ ಒಮ್ಮೆಲೇ ಮಾಡಲಾಗದವರು ಬೇರೆಲ್ಲಿಯೂ ಪ್ರತಿಯಿಲ್ಲದುದನ್ನು ಮೊದಲು ಆರಿಸಿಕೊಳ್ಳಲಿ. ಅಚ್ಚಾದ ಪುಸ್ತಕ, ಪೇಟೆಯಲ್ಲಿ ಸಿಗುವ ಹಾಡು ಇವು ಕಾಯಬಲ್ಲವು. ಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟುಗಳಲ್ಲಿ ೧೯೮೦ರ ಸುಮಾರಿನ ಪ್ರವಚನಗಳಿರಬಹುದು, ಅಜ್ಜಿ ಹಾಡಿದ ಬೀಸುವ ಪದಗಳಿರಬಹುದು, ಅವು ಕಾಯಲಾರವು. ಟೇಪು ಅಂಟುತ್ತದೆ, ನುಡಿಸುವ ಯಂತ್ರವನ್ನು ರಿಪೇರಿ ಮಾಡುವವರು ವರ್ಷವರ್ಷಕ್ಕೂ ವಿರಳರಾಗುತ್ತಿದ್ದಾರೆ. ಹಳೆಯ ಫ್ಲಾಪಿಗಳಿದ್ದವರಿಗೆ ಗಣಕದ ಹೊರಗಿನಿಂದ ತಗುಲಿಸುವ ಫ್ಲಾಪಿ ಡ್ರೈವ್ ಇನ್ನೂ ಕೊಳ್ಳಲು ಸಿಗುತ್ತದೆ. ಅದು ಮೂರೂವರೆ ಅಂಗುಲದವುಗಳಿಗೆ ಮಾತ್ರ. ಅಂಥ ಪೆಟ್ಟಿಗೆ ಯಾರ ಮನೆಯಲ್ಲಾದರೂ ಇದ್ದರೆ, ಮೊದಲು ಮೇಲಿನ ಚೀಟಿಯಲ್ಲಿ ಬರೆದ ಹೆಸರು ಮತ್ತು ವರ್ಷಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಆಮೇಲೆ ಡ್ರೈವಿಗೆ ಹಾಕಿರಿ.